ಎಲುಬಿನ ಕನ್ನಡಿ

ದೈ ೩, ೧೩೫೧ ಫಸಲಿ

ಎಕ್ಸ್-ರೇ ಯಂತ್ರದ ಪರದೆ ಕೆಟ್ಟಿದೆ. ಡಾಕ್ಟರ್ ಸಾಹೇಬರಿಗೆ ಮೂರು ಸಲ ಹೇಳಿದೆ. ಮೂರು ಸಲವೂ "ದೇಖೇಂಗೆ, ದೇಖೇಂಗೆ" ಎಂದು ಸಿಗರೇಟು ಹಚ್ಚಿದರು. ಈ ಗದ್ವಾಲಿನಲ್ಲಿ ಬಾಯಿಮಾತಿಗೆ ಬೆಲೆಯಿಲ್ಲ. ಹಾಗಾಗಿ ಇವತ್ತಿನಿಂದ ಬರೆದಿಡುತ್ತೇನೆ. ನಾಳೆ ಯಾರಾದರೂ "ವಿಜಯೀಂದ್ರರಾಯರೇ, ಮೊದಲೇ ಯಾಕೆ ಹೇಳಲಿಲ್ಲ" ಎಂದರೆ ಪುಸ್ತಕವನ್ನು ಮುಖಕ್ಕೆ ಹಿಡಿಯಬಹುದು. ತಾರೀಖು ಹೈದರಾಬಾದ್ ಸರ್ಕಾರದ ಲೆಕ್ಕದ್ದೇ ಹಾಕುತ್ತೇನೆ, ದೈ, ಬಹಮನ್, ಇಸ್ಫಂದಾರ್ ಎಂದು. ನನ್ನ ಹೆಂಡತಿ ಅಂಬಾಬಾಯಿಗೆ ಕಾರ್ತಿಕ, ಮಾರ್ಗಶಿರ ಬಿಟ್ಟರೆ ಬೇರೆ ತಿಂಗಳೇ ಇಲ್ಲ, ಆದರೆ ಅವಳ ಪಂಚಾಂಗದ ಮೇಲೆ ಅರ್ಜಿ ನಡೆಯುವುದಿಲ್ಲ.

ಹನ್ನೊಂದು ವರ್ಷದಿಂದ ಈ ದವಾಖಾನೆಯ ಎಕ್ಸ್-ರೇ ಕೋಣೆ ನನ್ನದು. ರೋಗಿಯನ್ನು ಕರೆಯುವ ಮೊದಲು ನಾನೂ ಆಯಾ ಮೈಲಮ್ಮನೂ ಬಾಗಿಲು ಹಾಕಿಕೊಂಡು ಇಪ್ಪತ್ತು ನಿಮಿಷ ಕತ್ತಲಲ್ಲಿ ಕೂರಬೇಕು. ಕಣ್ಣು ಕತ್ತಲಿಗೆ ಪಳಗದಿದ್ದರೆ ಪರದೆಯ ಹಸಿರು ಬೆಳಕು ಕಾಣುವುದಿಲ್ಲ. ಒಂಬತ್ತು ವರ್ಷದ ಹಿಂದೆ ಅವಳು ಕೆಲಸಕ್ಕೆ ಸೇರಿದಾಗ ಊರು ನಮ್ಮಿಬ್ಬರ ಮೇಲೆ ಆಡಿಕೊಂಡಿತ್ತು. ಅವಳು ಒಂದು ಮೂಲೆಯಲ್ಲಿ ಎಲೆ ಅಡಿಕೆ ಅಗಿಯುತ್ತಾಳೆ, ನಾನು ಇನ್ನೊಂದು ಮೂಲೆಯಲ್ಲಿ ಸ್ತೋತ್ರ ಹೇಳಿಕೊಳ್ಳುತ್ತೇನೆ ಎಂದು ತಿಳಿದ ಮೇಲೆ ಊರಿಗೂ ಬೇಜಾರಾಯಿತು.

ಇಪ್ಪತ್ತು ನಿಮಿಷ ಆದಮೇಲೆ ಹೊರಗಿನ ಕರೆಂಟಿನ ಎಂಜಿನ್ ಶುರು ಮಾಡಿಸುತ್ತೇನೆ. ಮೊದಲು ನನ್ನ ಎಡಗೈಯನ್ನೇ ಪರದೆಯ ಹಿಂದೆ ಇಟ್ಟು ನೋಡುತ್ತೇನೆ. ಐದು ಬೆರಳಿನ ಎಲುಬು ಗೆಣ್ಣು ಗೆಣ್ಣಾಗಿ ಕಂಡರೆ ಯಂತ್ರ ಸರಿಯಿದೆ ಎಂದು ಅರ್ಥ. ದಸರೆಯಿಂದ ಈಚೆಗೆ ಗೆಣ್ಣು ಕಾಣುತ್ತಿಲ್ಲ. ಎಲುಬು ಹಿಟ್ಟಿನಲ್ಲಿ ಅದ್ದಿದ ಹಾಗಿದೆ.

ಪರದೆಯ ಮೇಲೆ ಹಿಂದೆ ಒಂದು ದಪ್ಪ ಸೀಸದ ಗಾಜಿತ್ತು. ಹಳದಿಗಟ್ಟಿ ಚಿತ್ರವನ್ನು ಮಂಕು ಮಾಡುತ್ತಿತ್ತು. ಆರು ವರ್ಷದ ಹಿಂದೆ ನಾನೇ ಅದನ್ನು ಬಿಚ್ಚಿ ಬೀರುವಿನ ಹಿಂದೆ ಇಟ್ಟೆ. ಚಿತ್ರ ಎಷ್ಟು ತಿಳಿಯಾಯಿತೆಂದರೆ ಸಾಹೇಬರು ಬೆನ್ನು ತಟ್ಟಿದ್ದರು. ಈಗ ಬಿಚ್ಚುವುದಕ್ಕೆ ಬೇರೆ ಏನೂ ಉಳಿದಿಲ್ಲ.

ದೈ ೧೯

ಬಜಾರಿನಲ್ಲಿ ಕಿರಾಣಿ ಮಹಾಂತಯ್ಯನವರು ಎದುರಿಗೆ ಬಂದರೂ ಮಾತಾಡಿಸಲಿಲ್ಲವಂತೆ ನಾನು. ಸಂಜೆ ಮನೆಗೇ ಬಂದು ಅಂಬಾಬಾಯಿಯ ಹತ್ತಿರ ದೂರಿದ್ದಾರೆ. ನಡು ಮಧ್ಯಾಹ್ನದ ಬಿಸಿಲಲ್ಲಿ ಯಾರ ಮುಖ ಯಾರಿಗೆ ಕಾಣುತ್ತದೆ? ಈ ವರ್ಷದ ಬಿಸಿಲೇ ಹಾಗಿದೆ, ಎಲ್ಲದರ ಮೇಲೂ ಸುಣ್ಣ ಬಳಿದಂತೆ.

ಇವತ್ತು ಕತ್ತಲಲ್ಲಿ ಕೂತಾಗ ಮೈಲಮ್ಮ ಕೇಳಿದಳು: "ರಾಯರ, ಈ ಎಲುಬಿನ ಕನ್ನಡಿಯಾಗ ಮನಸ್ಯಾನ ಮನಸು ಯಾಕ ಕಾಣಂಗಿಲ್ರಿ?"

"ನಿನ್ನ ತಲೆಯೊಳಗ ಮೆದುಳೇ ಕಾಣಂಗಿಲ್ಲ, ಮನಸು ಹ್ಯಾಂಗ ಕಾಣಬೇಕು?" ಎಂದೆ. ಅವಳು ನಕ್ಕಳು. ಅವಳಿಗೆ ಬೈಗುಳವೂ ಒಂದೇ, ಬೆಲ್ಲವೂ ಒಂದೇ. ಕೋಣೆಯ ಬೀಗದ ಕೈಯನ್ನು ಎಂದಿನಂತೆ, ಕೈಗೆ ಕೈ ತಾಗದ ಹಾಗೆ, ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಸರಿದು ನಿಂತಳು, ನಾನು ತೆಗೆದುಕೊಂಡೆ. ಮನೆಗೆ ಬಂದು ಬಾವಿಯ ಹತ್ತಿರ ನಾಲ್ಕು ಕೊಡ ಸುರಿದುಕೊಂಡ ಮೇಲೆಯೇ ಅಂಬಾಬಾಯಿ ಒಳಗೆ ಬಿಡುವುದು.

ಬಹಮನ್ ೮

ಇದನ್ನು ಇವತ್ತೇ ಬರೆಯಬೇಕು.

ನಾರಾಯಣಪೇಟೆಯ ನೇಕಾರ ಭೀಮಯ್ಯ ಅತ್ತೆಯ ಮನೆಗೆಂದು ಇಲ್ಲಿಗೆ ಬಂದಿದ್ದ. ಅವನ ನಾಲ್ಕು ವರ್ಷದ ಮಗಳು ತಾಯಿಯ ಮೂಗುಬೊಟ್ಟು ನುಂಗಿತ್ತು. ಮೈಲಮ್ಮ ಎಂದಿನಂತೆ ಕೂಸಿನ ಎರಡೂ ತೋಳು ಹಿಡಿದು, ಪರದೆಗೆ ಮುಖ ತಾಗುವಷ್ಟು ಹತ್ತಿರ ಮಂಡಿಯೂರಿ ನಿಂತಳು. ನಾನು ಗಂಟಲಿನಿಂದ ಹೊಟ್ಟೆಯವರೆಗೆ ನೋಡಿದೆ. ಏನೂ ಇರಲಿಲ್ಲ. "ಕೆಳಗ ಇಳದದ. ಬಾಳೆಹಣ್ಣು ತಿನಸ್ರಿ, ಎರಡು ದಿನದಾಗ ಬೀಳತದ" ಎಂದು ಕಳಿಸಿದೆ.

ಮೈಲಮ್ಮ ಬಾಗಿಲಿಗೆ ಅಡ್ಡ ನಿಂತಳು. "ಇಲ್ರಿ ರಾಯರ. ಕೂಸು ಜೊಲ್ಲು ನುಂಗವಲ್ದು. ಅದು ಗಂಟಲಾಗ ಐತಿ."

ಆಯಾ ನನಗೆ ಹೇಳಿಕೊಡುವುದೇ! ರೋಗಿಗಳ ಎದುರಿಗೇ ಬೈದೆ. ಅವಳು ಕೂಸನ್ನು ಕಂಕುಳಲ್ಲಿಟ್ಟುಕೊಂಡು ನೇರ ಸಾಹೇಬರ ಹತ್ತಿರ ಹೋದಳು. ಸಾಹೇಬರು ಫಿಲ್ಮು ತೆಗೆಸಿದರು. ಮೂಗುಬೊಟ್ಟು ಗಂಟಲಿನ ಕೆಳಗೆ ಅಡ್ಡಡ್ಡ ಕೂತಿತ್ತಂತೆ. ಉದ್ದ ಚಿಮಟ ಹಾಕಿ ತೆಗೆದರು. ಇನ್ನೊಂದು ದಿನ ಬಿಟ್ಟಿದ್ದರೆ ಕೂಸು ಕೈತಪ್ಪುತ್ತಿತ್ತು ಎಂದರು.

ಎಲ್ಲರೂ ಹೋದ ಮೇಲೆ ಕೇಳಿದೆ, ನಿನಗೆ ಪರದೆಯ ಮೇಲೆ ಕಂಡಿತೇ ಎಂದು. "ಪರದೆ ಯಾರು ನೋಡ್ತಾರ್ರಿ? ಆ ಹಸಿರು ಬೆಳಕಿನಾಗ ನಾ ಕೂಸಿನ ಮಕ ನೋಡ್ತೀನಿ" ಎಂದಳು.

ತಪ್ಪು ಪರದೆಯದು. ಆದರೆ ನಾಚಿಕೆ ನನಗಾಗುತ್ತಿದೆ.

ಬಹಮನ್ ೧೧

ಸಾಹೇಬರು ಕೊನೆಗೂ ಹೊಸ ಪರದೆಗೆ ಬೊಂಬಾಯಿಗೆ ಬರೆದರು. ಯುದ್ಧದ ಕಾಲ, ಯಾವಾಗ ಬರುತ್ತದೋ. ಅಲ್ಲಿಯವರೆಗೆ ಯಂತ್ರದ ಹಿಡಿಯನ್ನು ಎರಡು ಗುರುತು ಮೇಲೆ ಇಟ್ಟಿದ್ದೇನೆ. ಕಿರಣ ಹೆಚ್ಚಾದರೆ ಬೆಳಕು ಹೆಚ್ಚು. ಸ್ವಲ್ಪ ವಾಸಿ.

ಇಸ್ಫಂದಾರ್ ೧೪

ಸಂಕ್ರಾಂತಿ ಆಯಿತು. ಹಿಡಿ ಈಗ ನಾಲ್ಕು ಗುರುತು ಮೇಲಿದೆ.

ಮನೆಯಲ್ಲಿ ಜಗಳ. ದೀಪದ ಬುರುಡೆ ಒರೆಸಿಲ್ಲ ಎಂದೆ. ಅಂಬಾಬಾಯಿ ಮೂರನೆಯ ಸಲ ಬೂದಿ ಹಾಕಿ ತಿಕ್ಕಿ ತಂದು ನನ್ನ ಮೂಗಿನ ಕೆಳಗೆ ಹಿಡಿದಳು. "ಇದರಾಗ ಮಸಿ ಎಲ್ಲಿ ಅದ ತೋರಸ್ರಿ." ತೋರಿಸಲಾಗಲಿಲ್ಲ. ಶಾಯಿಯೂ ನೀರಾಗಿದೆ, ಬರೆದದ್ದು ಬೂದು ಬೂದಾಗಿ ಕಾಣುತ್ತದೆ. ಯುದ್ಧದ ನೆಪ ಹೇಳಿ ಎಲ್ಲದರಲ್ಲೂ ಕಲಬೆರಕೆ.

ಬಾವಿಯ ಸ್ನಾನ ಮರೆತು ಒಳಗೆ ಬಂದೆನೆಂದು ಅದಕ್ಕೂ ಬೈಸಿಕೊಂಡೆ.

ಫರವರ್ದಿ ೨೦

ಹೊಸ ಪರದೆ ಬಂತು! ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಕೂಸನ್ನು ಮಲಗಿಸಿದಂತೆ ಕಳಿಸಿದ್ದಾರೆ. ನನ್ನ ಕೈಯಿಂದಲೇ ಕೂರಿಸಿದೆ. ಇಪ್ಪತ್ತು ನಿಮಿಷ ಬೇಡ, ಅರ್ಧ ಗಂಟೆ ಕೂತೆವು. ಎಂಜಿನ್ ಶುರುವಾಯಿತು. ಕೈ ಇಟ್ಟೆ.

ಅದೇ ಹಿಟ್ಟು.

ಮೋಸದ ಮಾಲು ಕಳಿಸಿದ್ದಾರೆ ಎಂದು ಕೂಗಾಡಿದೆ. ಸಾಹೇಬರು ಬಂದರು, ಕತ್ತಲಲ್ಲಿ ಕೂತರು, ತಮ್ಮ ಕೈ ಇಟ್ಟರು. "ಅರೇ ವಿಜಯೀಂದ್ರ, ಚಾಂದ್ ಥರಾ ಸಾಫ್ ಐತಿ! ನನ್ನ ಉಂಗುರದ ಹರಳಿನ ಕಟ್ಟು ಸಹ ಕಾಣಾಕತ್ತೈತಿ. ನಿಮಗೇನಾತು?"

"ಹೌದು, ಈಗ ಸರಿಯಾಗಿ ಕಾಣತದ" ಎಂದೆ.

ಫರವರ್ದಿ ೨೧

ಪರದೆ ಚೆನ್ನಾಗಿದೆ. ಹಳೆಯದೂ ಚೆನ್ನಾಗಿಯೇ ಇತ್ತೇನೋ.

ಅರ್ದಿಬೆಹಿಷ್ತ್ ೪

ಮಖ್ತಲ್‌ಗೆ ಹೋಗಿ ಬಂದೆ. ಹೈದರಾಬಾದಿನಿಂದ ಕಣ್ಣಿನ ಡಾಕ್ಟರು ತಿಂಗಳಿಗೊಮ್ಮೆ ಅಲ್ಲಿಗೆ ಬರುತ್ತಾರೆ. ಸಂಬಂಧಿಕರ ಮದುವೆ ಮಾತುಕತೆ ಎಂದು ದವಾಖಾನೆಯಲ್ಲೂ ಮನೆಯಲ್ಲೂ ಸುಳ್ಳು ಹೇಳಿದೆ. ಜೂರಾಲದ ಹತ್ತಿರ ಹರಗೋಲಿನಲ್ಲಿ ಹೊಳೆ ದಾಟುವಾಗ ನೀರಿನ ಮೇಲಿನ ಬಿಸಿಲು ಕಣ್ಣಿಗೆ ಚುಚ್ಚಿ, ಟವಲು ಮುಸುಕು ಹಾಕಿಕೊಂಡು ಕೂತೆ. ಹರಗೋಲಿನವನು "ಮದುಮಗಳೇನ್ರಿ?" ಎಂದ. ಎಲ್ಲರೂ ನಕ್ಕರು.

ಡಾಕ್ಟರು ಕಣ್ಣಿಗೆ ಔಷಧಿ ಬಿಟ್ಟು ದೀಪ ಹಿಡಿದು ಬಹಳ ಹೊತ್ತು ನೋಡಿದರು. ನಮ್ಮ ರಾಯಚೂರು ಕಡೆಯವರೇ, ಸೌಮ್ಯ ಮನುಷ್ಯ.

"ಪೊರೆ ಬಂದದ. ಎರಡೂ ಕಣ್ಣಿಗೆ" ಎಂದರು. "ಆದರೆ ನಲವತ್ತನಾಲ್ಕು ವರ್ಷಕ್ಕೆ ಈ ಜಾಗದಾಗ ಬರೋ ಪೊರೆ ಅಲ್ಲ ಇದು. ಕಣ್ಣಿನ ಮಣಿಯ ಹಿಂಭಾಗಕ್ಕೆ ಕೂತದ. ಬಿಸಿಲಿಗೆ ಕಾಣಂಗಿಲ್ಲ, ಮಬ್ಬಿಗೆ ಕಾಣತದ, ಹೌದಲ್ಲೋ? ಏನು ಕೆಲಸ ನಿಮ್ಮದು?"

ಹೇಳಿದೆ. ಅವರು ಕೈಯಲ್ಲಿದ್ದ ದೀಪವನ್ನು ಮೇಜಿನ ಮೇಲೆ ಇಟ್ಟರು. ಎಕ್ಸ್-ರೇ ಕಿರಣ ವರ್ಷಗಟ್ಟಲೆ ಕಣ್ಣಿಗೆ ಬಿದ್ದರೆ ಹೀಗೇ ಆಗುತ್ತದೆ, ಪುಸ್ತಕಗಳಲ್ಲಿ ಎಂದೋ ಬರೆದಿದ್ದಾರೆ ಎಂದರು. "ಅದಕ್ಕೇ ಪರದೆ ಮೇಲೆ ಸೀಸದ ಗಾಜು ಇರತದಲ್ಲ?"

"ಇರತದ್ರಿ" ಎಂದೆ. ಇತ್ತು ಎನ್ನಲಿಲ್ಲ.

"ಆ ಕೋಣೆಯಾಗ ನಿಮ್ಮ ಜೊತೆ ಮತ್ತ ಯಾರು ಇರತಾರ?"

"ಯಾರೂ ಇಲ್ಲ" ಎಂದೆ.

ಯಾಕೆ ಹಾಗೆ ಅಂದೆ? ಮೈಲಮ್ಮನ ಹೆಸರು ಹೇಳಿದರೆ ಗಾಜಿನ ಮಾತು ಬರುತ್ತದೆ, ಹಿಡಿಯನ್ನು ಮೇಲೆತ್ತಿದ ಮಾತು ಬರುತ್ತದೆ ಎಂದು ಆ ಒಂದು ಕ್ಷಣದಲ್ಲೇ ಲೆಕ್ಕ ಹಾಕಿದೆನೇ? ಅಷ್ಟು ಚುರುಕು ನನಗೆ ಬೇರೆ ಯಾವುದರಲ್ಲೂ ಇಲ್ಲ. ಶಸ್ತ್ರಕ್ರಿಯೆ ಮಾಡಿದರೆ ದಪ್ಪ ಕನ್ನಡಕ ಹಾಕಿ ಓಡಾಡಬಹುದಂತೆ. ಬರುವ ತಿಂಗಳು ಬನ್ನಿ ಎಂದಿದ್ದಾರೆ.

ಅರ್ದಿಬೆಹಿಷ್ತ್ ೧೨

ನಾಳೆ ಯುಗಾದಿ. ಇವತ್ತು ಕತ್ತಲಲ್ಲಿ ಕೂತಾಗ ಮೈಲಮ್ಮ ತಾನಾಗಿಯೇ ಬಾಯಿ ಬಿಟ್ಟಳು.

"ರಾಯರ, ಒಂದು ಮಾತು ಹೇಳ್ತೀನಿ, ಕೆಲಸದಿಂದ ತೆಗೀಬ್ಯಾಡ್ರಿ. ನನಗ ಕಣ್ಣು ಮಂಜಾಗ್ಯಾವ. ಕೌದಿ ಹೊಲಿಯಾಕ ಸೂಜಿಗೆ ದಾರ ಹೋಗವಲ್ದು. ಬಿಸಲಾಗಂತೂ ಏನೂ ಕಾಣವಲ್ದು. ಹೊತ್ತು ಮುಣುಗಿದ ಮ್ಯಾಲ ಸ್ವಲ್ಪ ಕಾಣತೈತಿ."

ಮಖ್ತಲ್‌ನ ಡಾಕ್ಟರು ನನಗೆ ಹೇಳಿದ್ದೂ ಇದೇ ಮಾತು.

"ಒಲಿ ಹೊಗಿ ಇರಬೇಕು" ಎಂದೆ.

"ಹೂಂ ಮತ್ತ, ಹೊಗೀನ. ಮೈಲಾರಲಿಂಗಗ ಹರಕಿ ಹೊತ್ತೀನಿ." ಆಮೇಲೆ ದನಿ ತಗ್ಗಿಸಿ, "ನಮ್ಮ ಸೊಸಿ ಹಂಪಮ್ಮನ್ನ ಹಬ್ಬ ಆದ ಮ್ಯಾಲ ಕರಕೊಂಡು ಬರ್ತೀನ್ರಿ. ಕೂಸುಗಳನ್ನ ಹ್ಯಾಂಗ ಹಿಡೀಬೇಕು ಅಂತ ಕಲಿಸ್ತೀನಿ. ನನ್ನ ಜಾಗ ಆಕೀಗೇ ಸಿಗಂಗ ಸಾಯೇಬರಿಗೆ ನೀವೊಂದು ಮಾತು ಹೇಳ್ರಿ. ಇಪ್ಪತ್ತು ವರ್ಸದಾಕಿ, ಕಣ್ಣು ಚುರುಕ ಅದಾವ."

ಕತ್ತಲಿತ್ತು, ಸದ್ಯ. ನನ್ನ ಮುಖ ಅವಳಿಗೆ ಕಾಣುವಂತಿರಲಿಲ್ಲ. ಮೈಲಮ್ಮನಿಗೆ ಮೂವತ್ತೆಂಟು ವರ್ಷ.

ಅರ್ದಿಬೆಹಿಷ್ತ್ ೧೫

ಹಂಪಮ್ಮ ಬಂದಳು. ಹಸಿರು ಬಳೆ, ಮಾತು ಕಡಿಮೆ. ಅತ್ತೆ ತೋರಿಸಿದ ಹಾಗೆಯೇ ಕೂಸಿನ ತೋಳು ಹಿಡಿದು ಪರದೆಗೆ ಮುಖ ಹಚ್ಚಿ ನಿಂತಳು. ಇವತ್ತು ಮೂರು ಕೂಸುಗಳು. ಹಿಡಿಯನ್ನು ಮೊದಲಿನ ಗುರುತಿಗೆ ಇಳಿಸಿದೆ. ಗಾಜನ್ನು ಹುಡುಕಿದೆ. ಬೀರುವಿನ ಹಿಂದೆ ಇದೆ, ಮೂರು ತುಂಡಾಗಿ.

ನಾಳೆ ಹೇಳುತ್ತೇನೆ.

ಅರ್ದಿಬೆಹಿಷ್ತ್ ೧೭

ನಾಳೆ.

ಅರ್ದಿಬೆಹಿಷ್ತ್ ೧೯

ಬಾಯಿಂದ ಆಗುವುದಿಲ್ಲ. ನಾಲ್ಕು ದಿನ ಅವರ ಜೊತೆ ಕತ್ತಲಲ್ಲಿ ಕೂತು ನೋಡಿದೆ. ನಾಲಿಗೆ ಏಳುವುದಿಲ್ಲ. ಬರೆಯುವುದೇ ನನಗೆ ಗೊತ್ತಿರುವ ದಾರಿ. ಸಾಹೇಬರ ಹೆಸರಿಗೆ ಎಲ್ಲವನ್ನೂ ಬರೆದಿದ್ದೇನೆ: ಗಾಜು ಬಿಚ್ಚಿದ್ದು, ಹಿಡಿ ಮೇಲೆತ್ತಿದ್ದು, ಮಖ್ತಲ್‌ನಲ್ಲಿ ಆಡಿದ ಸುಳ್ಳು, ಹಂಪಮ್ಮನನ್ನು ಆ ಕೋಣೆಗೆ ಬಿಡಬಾರದು ಎಂಬುದು. ಎರಡು ಪುಟ ತುಂಬಿತು. ಅಕ್ಷರ ನನಗೆ ಕಾಣಲಿಲ್ಲ, ಆದರೆ ಮೂವತ್ತು ವರ್ಷ ಬರೆದ ಕೈ, ಸಾಲು ತಪ್ಪಿರಲಿಕ್ಕಿಲ್ಲ.

ನಾಳೆ ಸಾಹೇಬರ ಮೇಜಿನ ಮೇಲೆ ಇಟ್ಟು ಬಂದುಬಿಡುತ್ತೇನೆ. ಅವರು ಓದಿ ಏನು ಬೇಕಾದರೂ ಮಾಡಲಿ. ಮೈಲಮ್ಮನಿಗೂ ಅವರೇ ಹೇಳಲಿ. (ಇವತ್ತು ಈ ಪುಸ್ತಕಕ್ಕೆ ಪೆನ್ಸಿಲ್ಲು ಹಿಡಿದಿದ್ದೇನೆ, ದೌತಿಯ ಶಾಯಿ ಕಾಗದಕ್ಕೇ ಮುಗಿದಿರಬೇಕು.)

ಅರ್ದಿಬೆಹಿಷ್ತ್ ೨೦

ಕಾಗದ ಇಟ್ಟು ಬಂದು ಕೋಣೆಯ ಹತ್ತಿರ ನಿಂತಿದ್ದೆ. ಹತ್ತು ನಿಮಿಷದಲ್ಲಿ ಸಾಹೇಬರು ಅದನ್ನು ಹಿಡಿದು ವರಾಂಡಕ್ಕೆ ಬಂದರು. ಮೈಲಮ್ಮ, ಹಂಪಮ್ಮ ಇಬ್ಬರೂ ಅಲ್ಲೇ ಇದ್ದರು.

"ವಿಜಯೀಂದ್ರ, ಇದು ಏನು ತಮಾಷಾ? ಎರಡು ಕಾಗದ ಇಟ್ಟೀರಿ. ಒಂದು ಅಕ್ಷರ ಇಲ್ಲ. ಕೋರಾ ಕಾಗದ!"

ಶಾಯಿ ಗಟ್ಟಿಯಾಗಿದೆಯೆಂದು ಅಂಬಾಬಾಯಿ ದೌತಿಯನ್ನು ತೊಳೆದು, ತಳದ್ದು ಕರಗಲೆಂದು ನೀರು ತುಂಬಿಟ್ಟಿದ್ದಳಂತೆ. ಮನೆಗೆ ಬಂದ ಮೇಲೆ ತಿಳಿಯಿತು. ನಾನು ಒಂದೂವರೆ ಗಂಟೆ ಕೂತು ನೀರಿನಲ್ಲಿ ಬರೆದಿದ್ದೆ.

ಸಾಹೇಬರು ಕಾಗದವನ್ನು ನನ್ನ ಕಡೆ ಚಾಚಿದರು. ಆಮೇಲೆ ನನ್ನ ಕಣ್ಣನ್ನೇ ನೋಡುತ್ತ, "ನಿಮಗೆ ಇದು ಖಾಲಿ ಅಂತ ಕಾಣವಲ್ದಾ?" ಎಂದರು. ದನಿ ಬದಲಾಗಿತ್ತು.

ಓಡುವುದಕ್ಕೆ ದಾರಿಯಿರಲಿಲ್ಲ. ಬಿಸಿಲು ಎದುರಿಗೇ ಇತ್ತು, ಯಾರ ಮುಖವೂ ಕಾಣುತ್ತಿರಲಿಲ್ಲ. ಅದೇ ಒಳ್ಳೆಯದಾಯಿತು. ಬರೆದದ್ದನ್ನೆಲ್ಲ ಬಾಯಲ್ಲಿ ಹೇಳಿದೆ. ಗಾಜಿನ ಮಾತು ಹೇಳಿದೆ. ಹಿಡಿಯ ಮಾತು ಹೇಳಿದೆ. ಮೈಲಮ್ಮನ ಕಣ್ಣು ಹೊಗೆಯಿಂದ ಹೋದದ್ದಲ್ಲ ಎಂದೆ. ಕೊನೆಗೆ, ಕಣ್ಣಿನ ಡಾಕ್ಟರು ಜೊತೆಗೆ ಯಾರಿರುತ್ತಾರೆ ಎಂದು ಕೇಳಿದ್ದಕ್ಕೆ ಯಾರೂ ಇಲ್ಲ ಅಂದೆ ಎಂದೂ ಹೇಳಿದೆ.

ಆಮೇಲೆ ಮೈಲಮ್ಮನ ದನಿ ಬಂತು, ಬಹಳ ಮೆಲ್ಲಗೆ.

"ಯಾರೂ ಇಲ್ಲ ಅಂದ್ರಿ?"

"ಹೌದು."

"ಒಂಬತ್ತು ವರ್ಸ ನಿಮ್ಮ ಜೋಡಿ ಕತ್ತಲಾಗ ಕುಂತೀನಿ ರಾಯರ. ಗಾಜು ನಿಮಗ ಗೊತ್ತಿಲ್ದ ತೆಗೆದ್ರಿ, ಹೋಗ್ಲಿ. ಯಾರೂ ಇಲ್ಲ ಅಂತ ಹ್ಯಾಂಗ ಅಂದ್ರಿ?"

ಹಂಪಮ್ಮನ ಬಳೆಯ ಸದ್ದಾಯಿತು. ಅತ್ತೆ ಸೊಸೆಯ ಕೈ ಹಿಡಿದುಕೊಂಡು ಮೆಟ್ಟಿಲಿಳಿದು ಹೋದಳು.

ಅರ್ದಿಬೆಹಿಷ್ತ್ ೨೮

ಬೊಂಬಾಯಿಯಿಂದ ಹೊಸ ಗಾಜು ಬರುವವರೆಗೆ ಕೋಣೆಗೆ ಬೀಗ. ಹಂಪಮ್ಮನನ್ನು ಹೆರಿಗೆ ವಾರ್ಡಿಗೆ ಹಾಕಿಸಿದ್ದಾರೆ. ನನ್ನನ್ನು ಚೀಟಿ ಕೊಡುವ ಕಿಟಕಿಗೆ ಹಾಕಿದ್ದಾರೆ, ಆದರೆ ಚೀಟಿಯ ಮೇಲೆ ಹೆಸರು ಬರೆಯುವುದು ಬೇರೆಯವರು. ಸಾಹೇಬರು ಬೈಯಲಿಲ್ಲ. "ನಿಮ್ಮ ಬೆನ್ನು ನಾನೇ ತಟ್ಟಿದ್ದೆ" ಎಂದು ಮಾತ್ರ ಅಂದರು.

ಮೈಲಮ್ಮ ಎಂಟು ದಿನದಿಂದ ಬಂದಿಲ್ಲ. ಅವಳ ಮನೆಯ ಹತ್ತಿರ ಹೋಗಿದ್ದೆ. ಬಾಗಿಲಲ್ಲಿ ಹಂಪಮ್ಮ ನಿಂತು, ಅತ್ತೆ ಮಲಗಿದ್ದಾಳೆ ಎಂದಳು. ಒಳಗೆ ಎಲೆ ಅಡಿಕೆ ಕುಟ್ಟುವ ಸದ್ದು ಕೇಳುತ್ತಿತ್ತು. ಖುರ್ದಾದ್ ಒಂಬತ್ತಕ್ಕೆ ಮಖ್ತಲ್‌ಗೆ ಡಾಕ್ಟರು ಬರುತ್ತಾರೆ, ಗಾಡಿ ಬೆಳಗಾಗುವ ಹೊತ್ತಿಗೆ ಇಲ್ಲಿಗೇ ಬರುತ್ತದೆ, ಶಸ್ತ್ರಕ್ರಿಯೆ ಆಗುತ್ತದೆ, ಎಂದು ಬಾಗಿಲಿಗೆ ಕೇಳುವಂತೆ ಹೇಳಿ ಬಂದೆ. ಮನೆಗೆ ಬಂದು ಅಂಬಾಬಾಯಿಗೂ ಎಲ್ಲ ಹೇಳಿದೆ. ಅವಳು ಬಹಳ ಹೊತ್ತು ಅತ್ತಳು. ನನಗಾಗಿ ಅಳುತ್ತಿದ್ದಾಳೆ ಎಂದುಕೊಂಡಿದ್ದೆ. "ಆಕಿ ಕೂಸುಗಳನ್ನ ಹಿಡಕೊಂಡು ನಿಂತಿದ್ದಳಲ್ರೀ" ಎಂದಳು.

ಖುರ್ದಾದ್ ೯, ಮಖ್ತಲ್

ಪುಟಕ್ಕೆ ಆರು ಸಾಲು ಬರೆಯುತ್ತಿದ್ದೇನೆ, ದೊಡ್ಡ ಅಕ್ಷರ.

ಗಾಡಿ ನಿಂತಾಗ ಮೈಲಮ್ಮ ಗಂಟು ಹಿಡಿದು ಬಾಗಿಲಲ್ಲೇ ಇದ್ದಳು. ಗಾಡಿಯಲ್ಲಿ ನನಗೂ ಅಂಬಾಬಾಯಿಗೂ ಬೆನ್ನು ಮಾಡಿ ಕೂತಳು. ಹೊಳೆಯ ದಂಡೆಗೆ ಬರುವ ಹೊತ್ತಿಗೆ ಬಿಸಿಲು ಏರಿತ್ತು. ಹರಗೋಲಿಗೆ ಇಳಿಯುವ ಇಳಿಜಾರಿನಲ್ಲಿ ನನಗೆ ಬರೀ ಬಿಳುಪು, ಕಾಲಿಡುವ ಜಾಗ ತಿಳಿಯದೆ ನಿಂತುಬಿಟ್ಟೆ. ಆಗ ಒಂದು ಕೈ ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿಯಿತು. ಆ ಕೈಯ ಎಲುಬುಗಳನ್ನು ಪರದೆಯ ಮೇಲೆ ಸಾವಿರ ಸಲ ನೋಡಿದ್ದೇನೆ. ಅದು ಇಷ್ಟು ಒರಟು ಎಂದು ಇವತ್ತೇ ಗೊತ್ತಾದದ್ದು.

"ಮಾಫ್ ಮಾಡೀನಿ ಅಂತ ತಿಳೀಬ್ಯಾಡ್ರಿ" ಎಂದಳು ಮೈಲಮ್ಮ. "ನನಗೂ ಕಾಣವಲ್ದು. ಇಬ್ಬರೂ ಹಿಡಕೊಂಡು ಇಳಿದ್ರ ಒಬ್ಬರ ಕಾಲಿಗಾದ್ರೂ ನೆಲ ಸಿಗತೈತಿ."

ಇಳಿದೆವು. ಅಂಬಾಬಾಯಿ ಹಿಂದಿನಿಂದ ಮೂವರ ಗಂಟುಗಳನ್ನೂ ಹೊತ್ತು ಬಂದಳು.

ಇಲ್ಲಿ ಡಾಕ್ಟರು ರಿಜಿಸ್ಟರು ತೆರೆದು, "ಬಂದ್ರಾ ರಾಯರ? ನಿಮ್ಮ ಹೆಸರು ಬರಕೊಳ್ಳೋಣ" ಎಂದರು.

"ಮೊದಲು ಈಕಿದು ಬರಕೊಳ್ರಿ" ಎಂದೆ. "ಮೈಲಮ್ಮ. ಒಂಬತ್ತು ವರ್ಷ ಆ ಕೋಣೆಯಾಗ ನನ್ನ ಜೊತೆ ಇದ್ದಾಕಿ. ಹೋದ ಸಲ ನಿಮಗ ಸುಳ್ಳು ಹೇಳಿದ್ದೆ."

ಡಾಕ್ಟರು ಅವಳ ಹೆಸರನ್ನೇ ಮೊದಲು ಬರೆದರು. ಮೈಲಮ್ಮನನ್ನು ಕೂರಿಸಿ, ದೀಪ ಹಿಡಿದು ಎರಡೂ ಕಣ್ಣು ನೋಡಿ, "ಅದೇ" ಎಂದರು. ನಾಳೆ ಬೆಳಿಗ್ಗೆ ಅವಳದು, ಆಮೇಲೆ ನನ್ನದು. ಹತ್ತು ದಿನ ಕಣ್ಣು ಕಟ್ಟಿ ಅಲುಗದೆ ಮಲಗಿರಬೇಕು, ನೋಡಿಕೊಳ್ಳುವವರು ಯಾರು ಎಂದರು. "ಇಬ್ಬರಿಗೂ ನಾನೇ ಇದ್ದೀನ್ರಿ" ಎಂದಳು ಅಂಬಾಬಾಯಿ.

ಒಪ್ಪಿಗೆಗೆ ಹೆಬ್ಬೆಟ್ಟು ಒತ್ತಬೇಕಿತ್ತು. ಮೈಲಮ್ಮ ಬೆರಳಿಗೆ ಮಸಿ ಹಚ್ಚಿಕೊಂಡು, ಎಲ್ಲಿ ಒತ್ತಬೇಕು ಎಂದು ನನ್ನನ್ನು ಕೇಳಿದಳು. ನಾನು ರಿಜಿಸ್ಟರಿನ ಮೇಲೆ ಬಗ್ಗಿ ನೋಡಿದೆ, ನನಗೂ ಕಾಣಲಿಲ್ಲ. ಅಂಬಾಬಾಯಿ ಅವಳ ಕೈ ಹಿಡಿದು ಹೆಬ್ಬೆಟ್ಟನ್ನು ಸರಿಯಾದ ಜಾಗಕ್ಕೆ ಇಟ್ಟಳು.